ಕಾರ್ಡು ಯಾರ ಹೆಸರಿಗೆ

ಕಾರು ಕೊಂಡ ಶೋರೂಮಿನಿಂದ ಫೋನು ಬಂದಾಗ ನಾಗರತ್ನಾ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಿಂದಲೇ ಸ್ಪೀಕರು ಹಾಕಿ ಗಂಡನ ಕಡೆ ಚಾಚಿದಳು. ಆ ಕಡೆಯ ಹುಡುಗಿ ಕಲಬುರಗಿಯಿಂದ ಮಾತಾಡುತ್ತಿದ್ದಳು. ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಕಂಪನಿಯವರೇ ಬಂದು ನೋಡುವ ಸೌಲಭ್ಯ ವಾರಂಟಿಯ ಜೊತೆಗೇ ಈ ತಿಂಗಳು ಮುಗಿಯುತ್ತದೆ, ಮುಂದುವರಿಸಬೇಕೇ ಎಂಬುದು ಅವಳ ಪ್ರಶ್ನೆ.

ವಿಶ್ವರಾಧ್ಯ ಪೂರಾ ಕೇಳಿಸಿಕೊಳ್ಳಲೂ ಇಲ್ಲ. "ಮಾಡ್ರಿ, ಮಾಡ್ರಿ. ಕಂಪನಿ ಗಾಡಿಗೆ ಕಂಪನಿಯವ್ರೇ ಕೈ ಹಚ್ಚಬೇಕು," ಎಂದುಬಿಟ್ಟ.

ಅವತ್ತು ನಾಗರತ್ನಾಳ ತಮ್ಮ ಮಹೇಶಕುಮಾರ ಯಾದಗಿರಿಯಿಂದ ಬಂದಿದ್ದ. ಅವನು ಹತ್ತಿ ಮಿಲ್ಲೊಂದರ ಖರೀದಿ ನೋಡಿಕೊಳ್ಳುವವನು, ಮನೆಗಿಂತ ಹೆಚ್ಚಾಗಿ ರಸ್ತೆಯ ಮೇಲೆಯೇ ಇರುವವನು. ತಟ್ಟೆಯಿಂದ ತಲೆ ಎತ್ತಿ, "ಜರಾ ತಡೀರಿ ಮಾವ. ನಾಳಿಗಿ ಹೇಳ್ತೀವಿ ಅನ್ರಿ," ಎಂದ. ಫೋನು ಇಟ್ಟ ಮೇಲೆ ಅಕ್ಕನ ಗಂಡನಿಗೆ ತಿಳಿಸಿ ಹೇಳತೊಡಗಿದ. ವರ್ಷಕ್ಕಿಷ್ಟು ಕಟ್ಟಿದರೆ ದಾರಿಯಲ್ಲಿ ಗಾಡಿ ಕೆಟ್ಟಾಗ ನೆರವು ಕಳಿಸುವ ಮೋಟಾರು ಕ್ಲಬ್ಬೊಂದರ ಸದಸ್ಯನಾಗಿ ಅವನಿಗೆ ಬಹಳ ವರ್ಷವಾಗಿತ್ತು.

"ದರದಾಗ ಹೇಳ್ಕೊಳ್ಳೂವಂಥ ಫರಕ್ ಇಲ್ಲ. ಫರಕ್ ಇರೂದು ಬ್ಯಾರೆ. ಕಂಪನಿದು ಗಾಡಿಗೆ ಹಚ್ಚಿರ್ತದ. ಆ ಗಾಡಿ ಮನ್ಯಾಗ ಬಿಟ್ಟು ನೀವು ಇನ್ನೊಂದ್ರಾಗ ಹೊಂಟ್ರ ಅವ್ರು ನಿಮ್ಮನ್ನ ಕೇಳಂಗಿಲ್ಲ. ಕ್ಲಬ್ಬಿಂದು ಮನುಷ್ಯಾಗ ಹಚ್ಚಿರ್ತದ. ನಾ ಗೆಳ್ಯಾನ ಗಾಡ್ಯಾಗ ಕುಂತಿದ್ರೂ ಬರ್ತಾರ, ಬಾಡಗಿ ಗಾಡ್ಯಾಗ ಕುಂತಿದ್ರೂ ಬರ್ತಾರ."

"ಬಂದು ಏನ್ ಮಾಡ್ತಾರ? ನಮ್ಮ ಗಾಡಿ ಅವ್ರಿಗೇನ್ ತಿಳೀತದ?"

"ಆ ಮಾತು ಖರೆ. ಕಂಪನಿಯವ್ರ ಹತ್ರ ಅದಕ್ಕ ಬೇಕಾದ ಸಾಮಾನ ಇರ್ತಾವ, ಕಂಪ್ಯೂಟರ್ ಇರ್ತದ. ಆದ್ರ ಅವ್ರು ಗಾಡಿ ಒಯ್ಯೂದು ತಮ್ಮ ವರ್ಕ್‌ಶಾಪಿಗೇ. ಶಹಾಪುರದಾಗ ಕೆಟ್ರೂ ಕಲಬುರಗಿ, ಸುರಪುರದಾಗ ಕೆಟ್ರೂ ಕಲಬುರಗಿ. ಕ್ಲಬ್ಬಿನವ್ರು ನಾವು ಹೇಳಿದ ಕಡೆ ಇಳಿಸ್ತಾರ."

ವಿಶ್ವರಾಧ್ಯ ಅರೆಮನಸ್ಸಿನಿಂದ ತಲೆಯಾಡಿಸಿದ. ಒಪ್ಪಿದನೆಂದೇ ತಿಳಿದು ಮಹೇಶ ಕೈ ತೊಳೆದುಕೊಂಡು ಮೊಬೈಲು ತೆಗೆದ. "ಈಗ ಮಾಡಿಸಿಬಿಡ್ತೀನಿ. ಯಾರ ಹೆಸರಿಲೆ ಮಾಡಿಸ್ಲಿ? ಗಾಡಿ ಹೊಡಿಯವ್ರ ಹೆಸರು ಬೇಕು."

ನಾಗರತ್ನಾ ಒಲೆಯ ಮೇಲಿನ ರೊಟ್ಟಿಯನ್ನು ಮಗುಚಿದಳು. ವಿಶ್ವರಾಧ್ಯ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡ. "ಕಂಪನಿದ ಇರ್ಲಿ ಬಿಡು. ಅದಕ್ಕ ಯಾರ ಹೆಸರಿನ ತಕ್ರಾರೂ ಇಲ್ಲ," ಎಂದು ಎದ್ದು ಅಂಗಡಿಗೆ ಹೊರಟ.

ತಮ್ಮ ತನ್ನ ಮುಖ ನೋಡಿದಾಗ ನಾಗರತ್ನಾ ಕಣ್ಣಿನಲ್ಲೇ ಬೇಡ ಎಂದಳು.

ವಿಶ್ವರಾಧ್ಯನದು ಶಹಾಪುರದಲ್ಲಿ ಬೀಜ-ಗೊಬ್ಬರದ ಅಂಗಡಿ. ಹರೆಯದಲ್ಲಿ ಹಳೆಯ ಜೀಪೊಂದನ್ನು ಇಟ್ಟುಕೊಂಡು, ಬಸ್ಸು ಹೋಗದ ಹಳ್ಳಿಗಳಿಗೂ ತಾನೇ ಬೀಜದ ಚೀಲ ಮುಟ್ಟಿಸಿ ಬಂದವನು. ಕೆಸರಿನಲ್ಲಿ ಹೂತ ಟ್ರ್ಯಾಕ್ಟರನ್ನು ಜೀಪಿನಿಂದ ಎಳೆದು ತೆಗೆದದ್ದನ್ನು ಜನ ಈಗಲೂ ಹೇಳುತ್ತಿದ್ದರು. ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿದದ್ದು ಮನೆಯವರಿಗೂ ತಡವಾಗಿಯೇ ಗೊತ್ತಾಯಿತು. ರಾಯಚೂರಿನ ಡಾಕ್ಟರು ಸೂಜಿ ಕೊಟ್ಟರು, ಲೇಸರ್ ಹಾಕಿದರು. ಕೊನೆಗೆ, ಇದ್ದ ನೋಟ ಉಳಿದರೆ ಅದೇ ದೊಡ್ಡದು, ಇನ್ನು ಗಾಡಿ ಮಾತ್ರ ಮುಟ್ಟಬೇಡಿ ಎಂದರು. ಅವನು ಹೂಂ ಎಂದು ಬಂದವನು ಆ ಮಾತನ್ನು ಯಾರ ಮುಂದೆಯೂ ಆಡಲಿಲ್ಲ.

ಆಮೇಲೆ ನಾಗರತ್ನಾ ಡ್ರೈವಿಂಗ್ ಕಲಿತಳು. ಮಗಳ ಮದುವೆ ಮಾಡಿ ಮುಗಿಸಿದ ವಯಸ್ಸಿನಲ್ಲಿ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪಕ್ಕದ ಮನೆಯ ಟೀಚರು ಗುಲ್ನಾಜ್‌ಳ ಧೈರ್ಯದ ಮೇಲೆ ಕಲಿತಳು. ಊರೊಳಗೆ, ಯಾದಗಿರಿಗೆ, ಅಬ್ಬೆತುಮಕೂರಿನ ಮಠಕ್ಕೆ ಅವಳೇ ಓಡಿಸುತ್ತಿದ್ದಳು. ಯಾರಾದರೂ ಕೇಳಿದರೆ ವಿಶ್ವರಾಧ್ಯ, "ಅಕೀಗೆ ಹೊಸದಾಗಿ ಹುಚ್ಚು ಹತ್ಯಾದ, ಹೊಡೀಲಿ ಬಿಡ್ರಿ," ಎಂದು ನಗುತ್ತಿದ್ದ.

ಆದರೆ ಸುರಪುರದ ರಂಗಂಪೇಟೆಯ ಬೀಗರ ಮನೆಗೆ ಹೋಗುವಾಗ ಮಾತ್ರ ಬೇರೆ. ಊರು ಮುಟ್ಟುವ ಮೊದಲು ಒಂದು ತಿರುವಿದೆ. ಅಲ್ಲಿಗೆ ಬಂದೊಡನೆ ಅವನು, "ಜರಾ ನಿಂದ್ರಸು," ಎನ್ನುತ್ತಿದ್ದ. ಇಬ್ಬರೂ ಇಳಿದು ಜಾಗ ಬದಲಿಸುತ್ತಿದ್ದರು. ಅಲ್ಲಿಂದ ಬೀಗರ ಬಾಗಿಲಿನವರೆಗೆ ಅವನೇ ಓಡಿಸಬೇಕು. ಎಡಗಡೆ ಕುಳಿತ ನಾಗರತ್ನಾ ದನಿ ಏರಿಸದೆ, "ಮುಂದ ಸೈಕಲ್ ಅದ," "ಎಡಕ್ಕ ಎಮ್ಮಿ ನಿಂತಾವ," "ಸಾವಕಾಶ," ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು. ಇಳಿದು ನಿಂತಾಗ ಅವಳ ಬೆನ್ನೆಲ್ಲ ಒದ್ದೆಯಾಗಿರುತ್ತಿತ್ತು. ಪ್ರತಿಸಲವೂ ಇನ್ನೊಮ್ಮೆ ಬೇಡ ಎನ್ನಬೇಕೆಂದುಕೊಳ್ಳುವಳು. ಬೀಗರ ಮುಂದೆ ಚಾವಿ ತಿರುಗಿಸುತ್ತ ಇಳಿಯುವ ಅವನ ಮುಖ ನೋಡಿದರೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ.

ಶೋರೂಮಿಗೆ ಉತ್ತರ ಹೇಳುವ ಮೊದಲೇ, ಅದೇ ತಿಂಗಳು, ಮಗಳು ಮೌನಿಕಾಳ ಕುಬಸದ ದಿನ ಬಂತು. ತವರಿನವರು ಹಸಿರು ಸೀರೆ, ಹಸಿರು ಬಳೆ, ಉಡಿಯ ಸಾಮಾನು ಒಯ್ದು, ಬಸುರಿಯ ಉಡಿ ತುಂಬಿ, ಅವತ್ತೇ ಚೊಚ್ಚಲ ಬಾಣಂತನಕ್ಕೆ ಮಗಳನ್ನು ಕರೆತರುವುದೆಂದು ಮಾತಾಗಿತ್ತು. ಶಹಾಪುರದಿಂದ ಬೆಳಿಗ್ಗೆಯೇ ಹೊರಟರು. ಹಿಂದಿನ ಸೀಟಿನಲ್ಲಿ ಗುಲ್ನಾಜ್, ಅವಳ ಎರಡೂ ಕಡೆ ಉಂಡಿ, ಕರ್ಚಿಕಾಯಿ, ಚಕ್ಕುಲಿಗಳ ಬುಟ್ಟಿ. ಮೌನಿಕಾಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದವಳು ಅವಳು, ಕರೆಯದಿದ್ದರೂ ಬರುತ್ತಿದ್ದಳು.

ಹತ್ತಿಗೂಡೂರು ದಾಟಿ ಸುರಪುರದ ಕಡೆ ಸಾಗಿದ್ದರು. ಎರಡೂ ಕಡೆ ಭತ್ತದ ಗದ್ದೆ, ನಡುನಡುವೆ ಹತ್ತಿ. ಕಾಲುವೆಯ ಸಣ್ಣ ಸೇತುವೆಯ ಮೇಲೆ ಏರುತ್ತಿದ್ದಂತೆ ಗಾಡಿ ಒಮ್ಮೆ ಜಗ್ಗಿತು, ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು, ಎಂಜಿನು ಸದ್ದಿಲ್ಲದೆ ನಿಂತುಹೋಯಿತು. ನಾಗರತ್ನಾ ಮತ್ತೆ ಮತ್ತೆ ಚಾವಿ ತಿರುಗಿಸಿದಳು. ಗಾಡಿ ಮಾತು ಕೇಳಲಿಲ್ಲ. ಮೂವರೂ ಕೆಳಗಿಳಿದರು.

"ಕಂಪನಿದು ಇನ್ನೂ ಚಾಲೂ ಅದಲ್ಲ," ಎಂದು ವಿಶ್ವರಾಧ್ಯ ಉತ್ಸಾಹದಿಂದಲೇ ಫೋನು ತೆಗೆದ. ಆ ಕಡೆಯವನು ಹಿಂದಿಯಲ್ಲಿ ಮಾತಾಡಿದ. ಮಾತು ಬಹಳ ಮರ್ಯಾದೆಯದು. ಎಲ್ಲರೂ ಕ್ಷೇಮವೇ, ನೆರಳಿನಲ್ಲಿದ್ದೀರಾ ಎಂದು ವಿಚಾರಿಸಿದ. ನಿಂತ ಜಾಗವನ್ನು ಮೊಬೈಲಿನಿಂದಲೇ ಗುರುತಿಸಿಕೊಂಡ. ಗಾಡಿ ಓಡಿಸುತ್ತಿದ್ದವರು ಯಾರು ಎಂದು ಕೇಳಿದ.

"ನಾನೇ," ಎಂದ ವಿಶ್ವರಾಧ್ಯ.

ಗುಲ್ನಾಜ್ ನಾಗರತ್ನಾಳ ಕಡೆ ನೋಡಿದಳು. ನಾಗರತ್ನಾ ಕಾಲುವೆಯ ನೀರನ್ನು ನೋಡುತ್ತ ನಿಂತಳು.

ಕಂಪನಿಯವನು ವಿಚಾರಿಸಿ ತಿರುಗಿ ಫೋನು ಮಾಡಿದ. ಕೆಟ್ಟ ಗಾಡಿ ಹೇರುವ ಲಾರಿ ಕಲಬುರಗಿಯಲ್ಲಿ ಇನ್ನೊಂದು ಗಾಡಿಯ ಕೆಲಸದಲ್ಲಿದೆ, ಬರುವಾಗ ಸಂಜೆಯಾಗುತ್ತದೆ; ಗಾಡಿಯನ್ನು ವರ್ಕ್‌ಶಾಪಿಗೆ ಒಯ್ಯುತ್ತಾರೆ; ಜನರಿಗೆ ಟ್ಯಾಕ್ಸಿ ಬೇಕಾದರೆ ಅದೂ ಅಲ್ಲಿಂದಲೇ ಬರಬೇಕು. ಅಷ್ಟು ಹೊತ್ತಿಗೆ ಉಡಿ ತುಂಬುವ ಮುಹೂರ್ತ ಮುಗಿದು ಬೀಗರ ಮನೆಯ ಊಟವೂ ಮುಗಿದಿರುತ್ತದೆ. ಟ್ಯಾಕ್ಸಿ ಬೇಡ, ಲಾರಿ ಎಲ್ಲಿಗೆ ಬರಬೇಕೆಂದು ಆಮೇಲೆ ತಿಳಿಸುತ್ತೇನೆ ಎಂದು ವಿಶ್ವರಾಧ್ಯ ಫೋನನ್ನು ಜೇಬಿಗೆ ಹಾಕಿದ.

"ನೀವಿಬ್ರೂ ಬಸ್ಸಿಗೆ ಹೋಗ್ರಿ. ಗಾಡಿ ಬಿಟ್ಟು ನಾ ಬರಾಕ ಆಗಂಗಿಲ್ಲ."

"ತಂದಿಲ್ದ ಕುಬಸ ಹೆಂಗ್ ಮಾಡಾಕ ಬರ್ತದ? ನಾ ಹೋಗಂಗಿಲ್ಲ," ಎಂದಳು ನಾಗರತ್ನಾ.

ಗುಲ್ನಾಜ್ ಅಷ್ಟರಲ್ಲಿ ತನ್ನ ಪರ್ಸಿನಲ್ಲಿ ಕೈಯಾಡಿಸುತ್ತಿದ್ದಳು. ಅವಳ ಹೆಸರಿನಲ್ಲಿ ಗಾಡಿಯೇ ಇರಲಿಲ್ಲ. ಒಮ್ಮೆ ಗಂಡ ರಾಜಾಸಾಬನ ಕಾರು, ಒಮ್ಮೆ ಅಣ್ಣನ ಕಾರು, ಯಾವುದು ಸಿಕ್ಕರೆ ಅದನ್ನು ಓಡಿಸುವವಳು. ಅದಕ್ಕೇ ಅವಳೂ ಮೋಟಾರು ಕ್ಲಬ್ಬಿಗೆ ಸೇರಿದ್ದಳು. "ನಾ ಕೇಳಿ ನೋಡ್ತೀನಿ ಅಣ್ಣಾರ. ಗಾಡಿ ಯಾರದಾದ್ರೂ ನಡೀತದ, ನಾ ಒಳಗ ಇದ್ರ ಆತು," ಎಂದು ನಂಬರು ಒತ್ತಿದಳು. ಮಾತು ಸಲೀಸಾಗಿಯೇನೂ ನಡೆಯಲಿಲ್ಲ. ಮೊದಲು ಹೊತ್ತುಗಟ್ಟಲೆ ಹಾಡು ಕೇಳಿಸಿದರು, ಆಮೇಲೆ ಲೈನು ಕಡಿಯಿತು, ಮತ್ತೆ ಹತ್ತಿದಾಗ ಇನ್ನೊಬ್ಬಳು ಮೊದಲಿನಿಂದ ಕೇಳಿದಳು. ಕೊನೆಗೆ ಸುರಪುರದಲ್ಲಿ ಅವರ ಕೆಲಸ ಹಿಡಿದವನೊಬ್ಬ ಇದ್ದಾನೆ, ಕಳಿಸುತ್ತೇವೆ ಎಂದರು.

ಬಂದವನ ಹೆಸರು ಭಾಗಣ್ಣ. ಗಾಡಿ ಹೇರುವ ಸಣ್ಣ ಲಾರಿ ತಂದಿದ್ದ. ತನ್ನ ಬ್ಯಾಟರಿ ಹಚ್ಚಿ ನೋಡಿದ. ಎಂಜಿನು ಎದ್ದಂತೆ ಮಾಡಿ ಮತ್ತೆ ಬಿತ್ತು. ಬಾನೆಟ್ಟಿನೊಳಗೆ ಬಗ್ಗಿ ನೋಡಿ, ತಲೆ ಕೆರೆದುಕೊಂಡ.

"ಒಳಗಿಂದ ಏನೋ ಅದರಿ, ನನಗ ತಿಳಿಯವಲ್ದು. ನಾ ಬಿಚ್ಚಿದ್ರ ನಾಳಿಗಿ ನಿಮ್ಮ ಕಂಪನಿಯವ್ರು ವಾರಂಟಿಗೆ ತಕ್ರಾರ ತಗೀತಾರ. ಹೇರ್ಕೊಂಡು ಹೋಗಿ ನೀವು ಅಂದ ಕಡೆ ಇಳಿಸ್ತೀನಿ. ಅವ್ರು ಅಲ್ಲಿಂದ ಒಯ್ಲಿ."

"ಹಂಗಂದ್ರ ರಂಗಂಪೇಟಿಗೇ ನಡೀರಿ," ಎಂದಳು ನಾಗರತ್ನಾ. ವಿಶ್ವರಾಧ್ಯ ಬೇಡ ಎನ್ನಲಿಲ್ಲ.

ಸೇತುವೆಯ ಮೇಲೆ ಲಾರಿಯ ಹಲಗೆ ಇಳಿಸಲು ಜಾಗವಿರಲಿಲ್ಲ. ಗಾಡಿಯನ್ನು ಮೊದಲು ಹಿಂದಕ್ಕೆ ತಳ್ಳಿ ಸಮನೆಲಕ್ಕೆ ತರಬೇಕಿತ್ತು. ಬೈಕಿನಲ್ಲಿ ಹೊರಟಿದ್ದ ಇಬ್ಬರು ತಾವಾಗಿಯೇ ನಿಂತು ಕೈಜೋಡಿಸಲು ಬಂದರು. "ಸ್ಟೇರಿಂಗ್ ಹಿಡಿಯವ್ರು ಯಾರು?" ಎಂದು ಭಾಗಣ್ಣ ಕೇಳಿದ.

ನಾಗರತ್ನಾ ಒಂದು ಹೆಜ್ಜೆ ಮುಂದೆ ಬಂದಳು. ಅಷ್ಟರಲ್ಲಿ ವಿಶ್ವರಾಧ್ಯ ಬಾಗಿಲು ತೆಗೆದು ಒಳಗೆ ಕುಳಿತಾಗಿತ್ತು. ತಡೆಯಬೇಕೆಂದು ಅವಳ ಬಾಯಿ ತೆರೆಯಿತು. ಅಪರಿಚಿತರ ಮುಂದೆ ಹೇಗೆ ಹೇಳುವುದೆಂದು ಸುಮ್ಮನಾದಳು.

ಗಾಡಿ ಹಿಂದಕ್ಕೆ ಉರುಳತೊಡಗಿತು. ಬೆಳಗಿನ ಬಿಸಿಲು ಕಾಲುವೆಯ ನೀರಿಗೆ ಬಡಿದು ಕಣ್ಣು ಕೋರೈಸುತ್ತಿತ್ತು. ಭಾಗಣ್ಣ ಪಕ್ಕದಲ್ಲಿ ನಡೆಯುತ್ತ, "ಬಲಕ್ಕ ತಗೋರಿ, ಬಲಕ್ಕ," ಎನ್ನುತ್ತಿದ್ದ. ವಿಶ್ವರಾಧ್ಯ ಕನ್ನಡಿಯಲ್ಲಿ ನೋಡಿದ, ಕುತ್ತಿಗೆ ತಿರುಗಿಸಿ ನೋಡಿದ. ಅವನಿಗೆ ಬಿಳಿಯ ಬೆಳಕಲ್ಲದೆ ಏನೂ ಕಾಣುತ್ತಿಲ್ಲವೆಂದು ಅವನ ಕೈಗಳನ್ನು ನೋಡಿಯೇ ನಾಗರತ್ನಾಳಿಗೆ ತಿಳಿಯಿತು. ಅವನು ತಿರುಗಿಸುವಷ್ಟರಲ್ಲಿ ಎಡಗಡೆಯ ಹಿಂದಿನ ಗಾಲಿ ಡಾಂಬರಿನಿಂದ ಜಾರಿ ಕಾಲುವೆಯ ಇಳಿಜಾರಿಗೆ ಇಳಿಯಿತು. ಭಾಗಣ್ಣ ಕೈಗೆ ಸಿಕ್ಕ ಕಲ್ಲನ್ನು ಗಾಲಿಯ ಕೆಳಗೆ ತುರುಕಿದ. ಗಾಡಿ ಅಲ್ಲಿಗೇ ನಿಂತಿತು.

"ಏನೂ ಆಗಿಲ್ಲ್ರಿ ಸಾವ್ಕಾರ, ಅಂಜಬ್ಯಾಡ್ರಿ," ಎಂದ ಭಾಗಣ್ಣ.

ವಿಶ್ವರಾಧ್ಯ ನಿಧಾನವಾಗಿ ಇಳಿದ. ಬಾಗಿಲನ್ನು ಹಿಡಿದುಕೊಂಡೇ ನಿಂತ. ತಳ್ಳಲು ಬಂದವರು ಬೆವರು ಒರೆಸಿಕೊಳ್ಳುತ್ತಿದ್ದರು. ಯಾರೂ ಅವನನ್ನು ಏನೂ ಕೇಳಿರಲಿಲ್ಲ.

"ನನಗ ಕಣ್ಣು ಬರೋಬ್ಬರಿ ಕಾಣಂಗಿಲ್ಲ," ಎಂದ. "ಡಾಕ್ಟರ್ ಹೊಡೀಬ್ಯಾಡ ಅಂದಾರ. ಮನಿಯಿಂದ ಅಕೀನ ಹೊಡ್ಕೊಂಡು ಬಂದಾಳ. ಸ್ಟೇರಿಂಗ್ ಅಕೀಗೆ ಕೊಡ್ರಿ."

ನಾಗರತ್ನಾ ಅವನ ಬಾಯಿಂದ ಈ ಮಾತನ್ನು ಎಷ್ಟೋ ದಿನದಿಂದ ಬಯಸಿದ್ದಳು. ಕೇಳಿದಾಗ ಅವನ ಮುಖ ನೋಡಲಾರದೆ ಗಾಡಿಯ ಕಡೆ ತಿರುಗಿದಳು. ಭಾಗಣ್ಣನಿಗೆ ಮಾತ್ರ ಅದು ದಿನನಿತ್ಯದ ಮಾತಿನಂತೆ ಕೇಳಿಸಿರಬೇಕು. "ಹಂಗಾರ ಅಕ್ಕಾರ ಬರ್ರಿ. ಪೂರಾ ಬಲಕ್ಕ ತಿರುವಿ ಹಿಡೀರಿ, ನಾವು ಎತ್ತಿ ಮುಂದಕ್ಕ ತಳ್ತೀವಿ," ಎಂದ. ಅವಳು ಸೆರಗು ಸಿಕ್ಕಿಸಿಕೊಂಡು ಕುಳಿತಳು. ಸ್ಟೇರಿಂಗನ್ನು ಪೂರಾ ಬಲಕ್ಕೆ ತಿರುವಿ ಹಿಡಿದಳು. ವಿಶ್ವರಾಧ್ಯನೂ ಉಳಿದವರ ನಡುವೆ ಭುಜ ಕೊಟ್ಟು ತಳ್ಳಿದ. ಗಾಲಿ ಡಾಂಬರಿಗೆ ಹತ್ತಿತು.

ಕಾರನ್ನು ಹೇರಿಕೊಂಡು ಲಾರಿ ಹೊರಟಿತು. ಭಾಗಣ್ಣನ ಪಕ್ಕದಲ್ಲಿ ಮೂವರೂ ಒತ್ತಿ ಕುಳಿತಿದ್ದರು. ಉಂಡಿಯ ಬುಟ್ಟಿ ಗುಲ್ನಾಜ್‌ಳ ತೊಡೆಯ ಮೇಲೆ, ಹಸಿರು ಸೀರೆಯ ಗಂಟು ವಿಶ್ವರಾಧ್ಯನ ತೊಡೆಯ ಮೇಲೆ. ಅವರು ಜಾಗ ಬದಲಿಸುತ್ತಿದ್ದ ತಿರುವು ಬಂತು, ಹೋಯಿತು. ನಾಗರತ್ನಾ ಗಂಡನ ಕಡೆ ತಿರುಗಲಿಲ್ಲ. ಸೀರೆಯ ಗಂಟಿನ ಕೆಳಗೆ ಅವನ ಕೈ ಅವಳ ಕೈಯನ್ನು ಹುಡುಕಿ ಹಿಡಿದುಕೊಂಡಿತು.

ಬೀಗರ ಓಣಿಗೆ ಲಾರಿ ತಿರುಗಿದಾಗ ಮನೆಮಂದಿಯೆಲ್ಲ ಹೊರಗೆ ಬಂದರು. ಮೌನಿಕಾಳ ಅತ್ತೆ ದೇವಕಮ್ಮ ಕಾಲಿಗೆ ನೀರು ತಂದವಳು ಚೆಂಬು ಹಿಡಿದುಕೊಂಡೇ ಲಾರಿಯ ಮೇಲಿನ ಕಾರನ್ನು ನೋಡಿದಳು. "ಏನಾತ್ರಿ ಬೀಗರ? ಯಾರಿಗೂ ಪೆಟ್ಟಾಗಿಲ್ಲಲ್ಲ?"

"ಯಾರಿಗೂ ಏನೂ ಆಗಿಲ್ಲ್ರಿ. ಗಾಡಿ ಕೆಟ್ಟು ನಿಂತಿತ್ತು," ಎಂದ ವಿಶ್ವರಾಧ್ಯ. ಸ್ವಲ್ಪ ತಡೆದು, "ಗಾಡಿ ಇಕೀನ ಹೊಡೀತಾಳ್ರಿ ಈಗ. ನನಗ ಕಣ್ಣು ಸರಿ ಇಲ್ಲ," ಎಂದು ಸೇರಿಸಿದ.

ದೇವಕಮ್ಮ ಏನೂ ಆಶ್ಚರ್ಯಪಡದೆ ನೀರು ಕೊಟ್ಟಳು. ಅವಳ ಹಿಂದಿನಿಂದ ಬಂದ ಮೌನಿಕಾ, ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮೆಲ್ಲಗೆ ನಕ್ಕಳು.

"ಗೊತ್ತದ ಅಪ್ಪ. ನಮ್ಮ ಮಾಳಿಗಿ ಮ್ಯಾಲಿಂದ ಆ ತಿರುವು ಕಾಣ್ತದ. ನೀವಿಬ್ರೂ ಇಳಿದು ಹತ್ತೂದು ನೋಡ್ದಾಗೆಲ್ಲ ಅತ್ತಿ ಓಣ್ಯಾಗ ಆಡೋ ಹುಡುಗರ್ನ ಒಳಗ ಕರಕೊಂಡು ಬಾಗಲಾ ಹಾಕ್ತಿದ್ರು."

"ಸುಮ್ನಿರು," ಎಂದು ದೇವಕಮ್ಮ ಸೊಸೆಯನ್ನು ಗದರಿದಳು. ಬೀಗನ ಕಡೆ ತಿರುಗಿ, "ನೀವಾಗೇ ಹೇಳ್ಲಿ ಅಂತ ನಾವು ಕೇಳಿದ್ದಿಲ್ಲರಿ. ಒಳಗ ಬರ್ರಿ, ಹೊತ್ತಾತು," ಎಂದಳು.

ವಿಶ್ವರಾಧ್ಯ ಕಾಲು ತೊಳೆಯುವ ನೆವದಲ್ಲಿ ಬಹಳ ಹೊತ್ತು ಬಗ್ಗಿಯೇ ಇದ್ದ. ನಾಗರತ್ನಾಳಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ಇಷ್ಟು ದಿನ ತಾನು ಗಂಡನ ಮಾನ ಕಾಯುತ್ತಿದ್ದೇನೆಂದು ತಿಳಿದಿದ್ದಳು. ಈ ಮನೆಯವರೂ ಅದನ್ನೇ ಮಾಡುತ್ತಿದ್ದರು, ಅದರ ಜೊತೆಗೆ ಓಣಿಯ ಮಕ್ಕಳನ್ನೂ ಕಾಯುತ್ತಿದ್ದರು. ತಿರುವಿನಲ್ಲಿ ಒಮ್ಮೆ ಬೇಡ ಎಂದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ ಅನ್ನಿಸಿತು.

ಮುಹೂರ್ತ ತಪ್ಪಲಿಲ್ಲ. ಹಸಿರು ಸೀರೆ ಉಟ್ಟ ಮೌನಿಕಾಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಭಾಗಣ್ಣನನ್ನೂ ಊಟ ಮಾಡಿಸದೆ ಕಳಿಸಲಿಲ್ಲ.

ಸಂಜೆ ಹೊರಡುವ ಹೊತ್ತಿಗೆ ಹೊಸ ಪೇಚಾಟ ಬಂತು. ಕೆಟ್ಟ ಗಾಡಿ ಬೀಗರ ಅಂಗಳದಲ್ಲಿ ನಿಂತಿದೆ, ಕಂಪನಿಯವರು ನಾಳೆ ಬಂದು ಅಲ್ಲಿಂದಲೇ ಒಯ್ಯುವುದಾಗಿ ಒಪ್ಪಿದ್ದಾರೆ. ಮಗಳನ್ನು ಕರೆದೊಯ್ಯುವುದು ಹೇಗೆ? ಅಳಿಯ ಬಸಲಿಂಗನಿಗೆ ಮರುದಿನ ನಸುಕಿಗೇ ಕೆಲಸವಿತ್ತು. ತನ್ನ ಕಾರನ್ನೇ ಒಯ್ಯಿರಿ, ಆಮೇಲೆ ಬಂದು ತರುತ್ತೇನೆ ಎಂದ. ಚಾವಿ ಹಿಡಿದು ಮಾವನ ಮುಂದೆ ಬಂದು ನಿಂತ, ಯಾರ ಕೈಗೆ ಕೊಡಬೇಕೆಂದು ತಿಳಿಯದೆ ತಡವರಿಸಿದ.

"ನಿಮ್ಮ ಅತ್ತಿ ಕೈಗೆ ಕೊಡ್ರಿ," ಎಂದ ವಿಶ್ವರಾಧ್ಯ.

ನಾಗರತ್ನಾ ಓಡಿಸಿದಳು. ಹೊಸ ಗಾಡಿ, ಗೊತ್ತಿಲ್ಲದ ಬ್ರೇಕು, ಹಿಂದೆ ತುಂಬು ಬಸುರಿ. ಸಾವಕಾಶವಾಗಿ ಹೋದಳು. ಮೌನಿಕಾ ಗುಲ್ನಾಜ್‌ಳ ಹೆಗಲಿಗೆ ತಲೆಯಿಟ್ಟು ಕುಳಿತಿದ್ದಳು. ಬೆಳಿಗ್ಗೆ ನಿಂತಿದ್ದ ಸೇತುವೆ ದಾಟುವಾಗ ವಿಶ್ವರಾಧ್ಯ ಕೇಳಿದ:

"ಟೀಚರ, ಈಗ ಈ ಗಾಡಿ ಕೆಟ್ರ?"

"ನಾ ಕುಂತೀನಲ್ಲ ಅಣ್ಣಾರ. ಮತ್ತ ಭಾಗಣ್ಣನ ಬರ್ತಾನ."

"ನೀವು ಇಲ್ದಾಗ ಕೆಟ್ರ?"

ಎದುರಿನ ಗಾಡಿಗಳ ದೀಪ ಹೊತ್ತತೊಡಗಿತ್ತು. ಆ ಬೆಳಕು ಅವನ ಕಣ್ಣಿಗೆ ಚುಚ್ಚುತ್ತದೆಂದು ಗೊತ್ತಿದ್ದ ನಾಗರತ್ನಾ ಅವನ ಮುಂದಿನ, ಬಿಸಿಲು ತಡೆಯುವ ಹಲಗೆಯನ್ನು ಕೆಳಗೆ ಇಳಿಸಿದಳು.

"ಮಹೇಶಗ ಫೋನ್ ಹಚ್ಚು, ಮನಿಗೆ ಹೋದ ಮ್ಯಾಲ," ಎಂದ ವಿಶ್ವರಾಧ್ಯ. "ಕ್ಲಬ್ಬಿಂದ ಮಾಡಿಸು ಅನ್ನು. ನಿನ್ನ ಹೆಸರಿಲೆ. ಇನ್ನ ಬಾಣಂತನ ಅದ, ದವಾಖಾನಿ ಅದ, ಯಾವಾಗ ಯಾರ ಗಾಡಿ ಹೊಡೀತಿಯೋ ಏನೋ. ನಮ್ಮ ಗಾಡಿ ಕೆಟ್ರ ಕೆಡ್ಲಿ. ನೀ ಎಲ್ಲಿ ನಿಂತಿರ್ತಿ, ಅಲ್ಲಿಗೆ ಯಾರರೆ ಬರ್ಬೇಕು."

ನಾಗರತ್ನಾ ಹೂಂ ಎಂದಳು. ಹೆಚ್ಚಿನದೇನೋ ಹೇಳಬೇಕೆಂದುಕೊಂಡಳು. ಆಮೇಲೆ ಹೇಳಿದರಾಯಿತೆಂದು ಗಾಡಿ ಓಡಿಸುವುದರ ಕಡೆಗೇ ಗಮನ ಕೊಟ್ಟಳು.

ಕಂಪನಿಯವರು ಹೇಳಿದಂತೆ ಮರುದಿನ ಬಂದರು. ಗಾಡಿಯನ್ನು ಜೋಪಾನವಾಗಿ ಒಯ್ದು, ಎಂಜಿನಿಗೆ ಪೆಟ್ರೋಲು ಎತ್ತುವ ಪಂಪು ಕೆಟ್ಟಿದೆಯೆಂದು ಕಂಡುಹಿಡಿದು, ವಾರಂಟಿಯಲ್ಲೇ ಹೊಸದು ಹಾಕಿ ಶಹಾಪುರದ ಮನೆಗೇ ತಂದುಕೊಟ್ಟರು. ವಿಶ್ವರಾಧ್ಯ ಅಂಗಡಿಗೆ ಬಂದವರ ಮುಂದೆಲ್ಲ ಅವರನ್ನು ಹೊಗಳಿದ. ಶೋರೂಮಿನ ಹುಡುಗಿ ಮತ್ತೆ ಫೋನು ಮಾಡಿದಾಗ ತಾನೇ ಮಾತಾಡಿ, "ನಿಮ್ಮ ಕೆಲಸಾ ಛಲೋ ಅದವ್ವ. ಆದ್ರ ಮುಂದ ಬ್ಯಾಡ. ನಮ್ಮ ಮನ್ಯಾಗ ಈಗ ಹೊಡಿಯವ್ರಿಗೆ ಮಾಡ್ಸೀವಿ," ಎಂದ. ಅವಳಿಗೆ ಅದರಲ್ಲಿ ಏನು ಅರ್ಥವಾಯಿತೋ ಗೊತ್ತಿಲ್ಲ, ಆಗಲಿ ಸರ್ ಎಂದಳು.

ಕಾರ್ಡಿಗೆ ನಾಗರತ್ನಾಳ ಫೋಟೋ ಬೇಕೆಂದು ಮಹೇಶ ಹೇಳಿದ್ದ. ನಾನೇ ತೆಗೀತೀನಿ ಎಂದು ವಿಶ್ವರಾಧ್ಯ ಅವಳನ್ನು ಅಂಗಳದ ಬಿಳಿ ಗೋಡೆಯ ಮುಂದೆ ನಿಲ್ಲಿಸಿದ. ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, ದೂರ ಹಿಡಿದು, "ನಗು ಸ್ವಲ್ಪ," ಎಂದು ಹೇಳಿ, ಹೇಳಿ, ಕೊನೆಗೆ ಒತ್ತಿದ. ಬಾಗಿಲಲ್ಲಿ ಕುಳಿತ ಮೌನಿಕಾ ಮೊಬೈಲು ಇಸಿದುಕೊಂಡು ನೋಡಿದರೆ ಅವ್ವನ ಅರ್ಧ ಮುಖ, ಉಳಿದದ್ದೆಲ್ಲ ಗೋಡೆ.

"ಇದು ನಡ್ಯಂಗಿಲ್ಲ ಅಪ್ಪ. ನಾ ತಗೀತೀನಿ ತಾ," ಎಂದಳು.

ಮಗಳು ತೆಗೆದದ್ದನ್ನು ನಾಗರತ್ನಾ ತಮ್ಮನಿಗೆ ಕಳಿಸಿದಳು. ಮಹೇಶ ಸಾಮಾನ್ಯವಾಗಿ ಮಾತಿಗೆ ಮೊದಲು ತಮಾಷೆ ಮಾಡುವವನು, ಅವತ್ತು ಮಾತ್ರ, "ಬರೋಬ್ಬರಿ ಬಂದದ ಅಕ್ಕ," ಎಂದಷ್ಟೇ ಬರೆದ. ಅಪ್ಪ ತೆಗೆದದ್ದನ್ನು ಅಳಿಸಲೇ ಎಂದು ಮೌನಿಕಾ ಕೇಳಿದಾಗ ನಾಗರತ್ನಾ ಮೊಬೈಲನ್ನು ಅವಳ ಕೈಯಿಂದ ತೆಗೆದುಕೊಂಡು, "ಇರ್ಲಿ ಬಿಡು," ಎಂದು ಒಳಗೆ ಚಹಾಕ್ಕೆ ನೀರಿಡಲು ಹೋದಳು.